ದುಬೈ ಗಾಳಿ, ಹೊನ್ನಾವರದ ಗಾಳಿ

ಗಾಳಿ ಹಾಕುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪೆಟ್ರೋಲ್ ಬಂಕಿಗೆ ಯಾರೂ ನಿಮ್ಮನ್ನು ನೆನೆಸಿಕೊಂಡು ಬರುವುದಿಲ್ಲ. ಅವರು ಬರುವುದು ಪೆಟ್ರೋಲಿಗೆ, ಡೀಸೆಲಿಗೆ, ಇಲ್ಲವೇ ದೂರದ ದಾರಿಯವರಾದರೆ ಹಿಂದುಗಡೆಯ ಪಾಯಿಖಾನೆಗೆ. ಎಲ್ಲ ಮುಗಿದು ಹೊರಡುವಾಗ ‘ಗಾಳಿ ಉಚಿತ’ ಎಂಬ ಬೋರ್ಡು ಕಣ್ಣಿಗೆ ಬಿದ್ದರೆ ಮಾತ್ರ, “ಹ್ಞಾಂ, ಗಾಳಿನೂ ಒಂಚೂರು ನೋಡ್ಬಿಡು” ಅನ್ನುತ್ತಾರೆ. ಅದಕ್ಕೆ ಬೇಜಾರು ಮಾಡಿಕೊಳ್ಳಬಾರದು. ನಾಲ್ಕು ಟೈರಿನ ಮೇಲೆ ಕೂತು ಹೋಗುವವರ ಜೀವ ನಿಂತಿರುವುದು ನಾವು ಪುಕ್ಕಟೆ ಕೊಡುವ ಈ ವಸ್ತುವಿನ ಮೇಲೆಯೇ. ಅದನ್ನು ಅವರಿಗೆ ಹೇಳಿ ಪ್ರಯೋಜನವಿಲ್ಲ, ನಮಗೆ ಗೊತ್ತಿದ್ದರೆ ಸಾಕು.

ನನ್ನ ಹೆಸರು ಮಾದೇವಿ. ತೊಂಬತ್ತರ ದಶಕದ ಕೊನೆಯಿಂದ ಮೊನ್ನೆ ಮೊನ್ನೆ ಮೊಣಕಾಲು ಕೈಕೊಡುವ ತನಕ ಹೊನ್ನಾವರದ ಹೆದ್ದಾರಿ ಬದಿಯ ಬಂಕೊಂದರಲ್ಲಿ ಗಾಳಿ ಹಾಕಿದವಳು. ಕುಮಟೆಯಿಂದ ಭಟ್ಕಳದ ತನಕ ‘ಗಾಳಿ ಮಾದೇವಿ’ ಎಂದರೆ ಡ್ರೈವರುಗಳಿಗೆಲ್ಲ ಗೊತ್ತು. ಬೇರೆ ಊರಿನವರು ಕೇಳಿದರೆ ಮೈಮೇಲೆ ಗಾಳಿ ಬರುವ ಹೆಂಗಸೋ ಏನೋ ಎಂದು ಹೆದರುತ್ತಿದ್ದರು. ಹೆದರಲಿ ಎಂದು ನಾನೂ ಸುಮ್ಮನಿರುತ್ತಿದ್ದೆ, ಹೆದರಿದವರು ಗಾಡಿಯನ್ನು ನೆಟ್ಟಗೆ ನಿಲ್ಲಿಸುತ್ತಾರೆ.

ಕೆಲಸ ಸಿಕ್ಕಿದ್ದು ಹೀಗೆ. ಬಂಕಿನ ಯಜಮಾನರು ಪೈ ಮಾಮ. ಊರಿಗೆಲ್ಲ ಮಾಮ, ಕೆಲಸದವರಿಗೆ ಯಮ. ಅವರಲ್ಲಿ ಗಾಳಿ ಹಾಕುತ್ತಿದ್ದವನು ಒಂದು ದಿನ ಹೇಳದೆ ಕೇಳದೆ ಗೋವೆಗೆ ಓಡಿಹೋದ. ಆಗ ನಾವು ಶರಾವತಿಯಾಚೆಯ ಕಾಸರಕೋಡಿನಲ್ಲಿದ್ದೆವು. ನಮ್ಮವರು, ಅಂದರೆ ನನ್ನ ಗಂಡ ಗಣಪತಿ, ಕುಮಟೆ ಸ್ಟ್ಯಾಂಡಿನಲ್ಲಿ ಬಾಡಿಗೆ ಅಂಬಾಸಿಡರ್ ಓಡಿಸುತ್ತಿದ್ದರು. ಸುದ್ದಿ ಕೇಳಿ ನಾನೇ ಹೋಗಿ ಪೈ ಮಾಮನ ಎದುರು ನಿಂತೆ.

“ಗಾಳಿ ಹಾಕೂಕೆ ಬತ್ತದೇನೆ ನಿಂಗೆ?” ಎಂದರು ಮಾಮ.

“ನಮ್ಮನೆ ಅಂಬಾಸಿಡರಿಗೆ ಕಾಲ್ ಪಂಪಲ್ಲಿ ಗಾಳಿ ಹೊಡೂದು ಯಾರು ಅಂತ ಮಾಡಿದ್ರಿ ಮಾಮಾ? ಗಾಳಿ ನಂದು, ಗಾಡಿ ಅವ್ರದು.”

ಮಾಮ ನಗಲಿಲ್ಲ. ಆದರೆ ಮರುದಿನವೇ ಸೀರೆಯ ಮೇಲೆ ತೊಡುವ ನೀಲಿ ಅಂಗಿಯೊಂದನ್ನು ಕೊಟ್ಟರು. ಅದು ಓಡಿಹೋದವನ ಅಂಗಿ. ಆತ ಆನೆಯಂಥವನು. ನಾನು ಅದನ್ನು ತೊಟ್ಟು ಹೆದ್ದಾರಿ ಬದಿ ನಿಂತರೆ ಸಮುದ್ರದ ಗಾಳಿ ಒಳಗೆ ಹೊಕ್ಕು ಮೊದಲು ನನಗೇ ಗಾಳಿ ತುಂಬುತ್ತಿತ್ತು.

ಮಾಮ ಕಲಿಸಿದ ವಿದ್ಯೆ ಮರದ ಕೊಡತಿಯದು. ಲಾರಿ ಟೈರಿಗೆ ಒಂದು ಏಟು ಹಾಕಿದರೆ ಅದು ‘ಟಣ್’ ಅನ್ನಬೇಕು, ‘ದಬ್’ ಅಂದರೆ ಗಾಳಿ ಸಾಲದು. ಕಾರಿಗೆ ಪೆನ್ಸಿಲ್ಲಿನಂಥ ಗೇಜು, ಟೈರಿನ ಬಾಯಿಗೆ ಒತ್ತಿದರೆ ಹಿಂದಿನಿಂದ ಕಡ್ಡಿ ಹೊರಗೆ ಬರುತ್ತಿತ್ತು. ಆಮೇಲೆ ಮುಳ್ಳಿನ ಗೇಜು ಬಂತು. ಅದೂ ಹೋಗಿ ಕೆಂಪು ಅಂಕಿ ತೋರಿಸುವ ಮಿಷನ್ನು ಬಂತು, ಗಾಳಿ ಸಾಕಾದರೆ ತಾನೇ ಪೀಂ ಪೀಂ ಎನ್ನುತ್ತಿತ್ತು. ಯಾವುದೇ ಬರಲಿ, ಮಾಮನ ನೇಮ ಮಾತ್ರ ಬದಲಾಗಲಿಲ್ಲ. ದೂರ ಓಡಿ ಬಿಸಿಯಾದ ಟೈರಿನ ಅಳತೆ ನಂಬಬೇಡ. ಮುಚ್ಚಳ ಹಾಕದೆ ಗಾಡಿ ಬಿಡಬೇಡ. ಸ್ಟೆಪ್ನಿ ನೋಡಬೇಕಾ ಎಂದು ಕೇಳದೆ ಕಳಿಸಬೇಡ.

ಮೂರನೆಯದನ್ನು ಕೇಳಿ ಕೇಳಿ ನನ್ನ ಬಾಯಿ ನೋಯಿತೇ ಹೊರತು ಯಾರೂ ಹೂಂ ಅಂದವರಿಲ್ಲ. ಸ್ಟೆಪ್ನಿ ಎಂಬ ಐದನೆಯ ಟೈರು ಇರುವುದು ಡಿಕ್ಕಿಯ ತಳದಲ್ಲಿ. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಚಾಪೆ, ಚಾಪೆಯ ಮೇಲೆ ತೆಂಗಿನಕಾಯಿ, ಒಣಮೀನು, ಅತ್ತೆಮನೆಯ ಉಪ್ಪಿನಕಾಯಿ ಭರಣಿ. “ಬ್ಯಾಡ್ವೆ ಮಾರಾಯ್ತಿ, ಎಲ್ಲ ಇಳಸ್ಬೇಕು” ಎಂದು ಹೋಗಿಬಿಡುತ್ತಿದ್ದರು.

ಹೆಂಗಸು ಟೈರು ಮುಟ್ಟುವುದನ್ನು ಕಂಡು ಮುಖ ಸಿಂಡರಿಸಿದವರೂ ಇದ್ದರು. ಮೊದಲ ವಾರವೇ ಮೀನು ಲಾರಿಯ ಡ್ರೈವರನೊಬ್ಬ, “ಇಲ್ಲಿ ಗಂಡಸ್ರು ಯಾರೂ ಇಲ್ವಾ?” ಎಂದು ಕೇಳಿದ.

“ಇದ್ದಾರೆ, ಒಳಗೆ ಚಾ ಕುಡಿತಾ ಕೂತಿದ್ದಾರೆ. ನಿಮಗೆ ಗಾಳಿ ಬೇಕಾ, ಗಂಡಸ್ರು ಬೇಕಾ?” ಎಂದೆ.

ಅವನ ಕ್ಲೀನರ್ ನಗಲು ಶುರುಮಾಡಿದವನು ಲಾರಿ ಸೇತುವೆ ದಾಟುವವರೆಗೂ ನಗುತ್ತಿದ್ದಿರಬೇಕು. ಮುಂದೆ ಆ ಡ್ರೈವರ್ ಮಲ್ಪೆಗೆ ಹೋಗುವಾಗಲೂ ಬರುವಾಗಲೂ ನನ್ನ ಹತ್ತಿರವೇ ಗಾಳಿ ಹಾಕಿಸಿದ. ಹಬ್ಬಕ್ಕೆ ಒಳ್ಳೆಯ ಇಸವಾಣ ಮೀನು ಕೊಟ್ಟು ಹೋದದ್ದೂ ಉಂಟು.

ಬರೀ ಗಾಡಿಗಳಷ್ಟೇ ಬರುತ್ತಿದ್ದವೆಂದು ತಿಳಿಯಬೇಡಿ. ಹೊಳೆಯಲ್ಲಿ ಬೆಳಚಿನ ಚಿಪ್ಪು ಹೆಕ್ಕುವವರು ಬುಟ್ಟಿ ತೇಲಿಸಲು ಹಳೆಯ ಲಾರಿ ಟ್ಯೂಬು ಹೊತ್ತು ತರುತ್ತಿದ್ದರು. ಹೈಸ್ಕೂಲಿನ ಮಾಸ್ತರರು ಒಮ್ಮೆ ಫುಟ್ಬಾಲು ತಂದರು. ಪಂದ್ಯಕ್ಕೆ ಹೊತ್ತಾಯಿತು, ಬೇಗ ಹಾಕು ಎಂದರು. ನಾನು ಲಾರಿಯ ಪೈಪಿನಲ್ಲೇ ಒಂದು ಸಲ ಬಿಟ್ಟೆ. ಫುಟ್ಬಾಲು ಢಂ ಎಂದದ್ದಕ್ಕೆ ಗಲ್ಲಾದಲ್ಲಿದ್ದ ಪೈ ಮಾಮ ಚಾ ಲೋಟದ ಸಮೇತ ನೆಲಕ್ಕೆ ಕೂತರು. ಮಾಸ್ತರರ ಕೈಯಲ್ಲಿ ಉಳಿದದ್ದು ಹೊಲಿಗೆಯ ದಾರ. “ಪಂದ್ಯ ಮುಂದೆ ಹೋತು” ಎಂದು ಅವರು ಬಹಳ ಶಾಂತವಾಗಿ ಹೇಳಿ ನಡೆದುಬಿಟ್ಟರು.

ಆಗ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿತ್ತು. ಕರೆಂಟಿಲ್ಲದಿದ್ದರೆ ಕಂಪ್ರೆಸರ್ ಸತ್ತ ಹಾಗೆ. ಅದಕ್ಕೆಂದೇ ಮಾಮ ಒಂದು ಪೈಪು ಮಾಡಿಸಿಟ್ಟಿದ್ದರು, ಎರಡೂ ತುದಿಗೆ ಹಿತ್ತಾಳೆ ಬಾಯಿ. ಒಂದು ಬಾಯಿ ಸ್ಟೆಪ್ನಿಗೆ ಹಚ್ಚಿ ಇನ್ನೊಂದನ್ನು ಇಳಿದ ಟೈರಿಗೆ ಹಚ್ಚಿದರೆ ಇದರ ಗಾಳಿ ಅದಕ್ಕೆ ಹರಿಯುತ್ತದೆ. ನಮ್ಮ ಕಡೆಯ ಹಳೆಯ ಡ್ರೈವರುಗಳಿಗೆಲ್ಲ ಈ ಕಸುಬು ಗೊತ್ತು. ದಾರಿಯಲ್ಲಿ ಯಾರ ಗಾಡಿ ಕೂತರೂ ಇನ್ನೊಬ್ಬ ನಿಲ್ಲಿಸಿ ತನ್ನ ಸ್ಟೆಪ್ನಿಯಿಂದ ನಾಲ್ಕು ಪಾಯಿಂಟು ಗಾಳಿ ಕೊಟ್ಟು ಹೋಗುವುದು ಇಲ್ಲಿಯ ಮರ್ಯಾದೆ. ನೀರು ಕೇಳಿದವರಿಗೆ ಬೆಲ್ಲದ ತುಂಡೂ ಕೊಡುವ ಊರಲ್ಲವೇ. ಬಂಕಿನ ಆ ಪೈಪಿಗೆ ಹಿಡಿಯಲು ಸಲೀಸಾಗಲೆಂದು ನಾನು ನನ್ನದೇ ಹಳೆಯ ಕೆಂಪು ಸೀರೆಯ ಅಂಚು ಸುತ್ತಿದ್ದೆ. ಒಂದು ದಿನ ನೋಡಿದರೆ ಪೈಪೇ ಮಾಯ. ಮಾಮ ಬಂಕೆಲ್ಲ ಹುಡುಕಿಸಿದರು, ಎಲ್ಲೂ ಸಿಗಲಿಲ್ಲ. ಹೋದದ್ದು ಹೋಯಿತು ಎಂದು ನಾನೂ ಮರೆತೆ.

ಇಷ್ಟೆಲ್ಲ ಊರಿನ ಗಾಡಿಗಳಿಗೆ ಗಾಳಿ ಹಾಕಿದ ನನ್ನ ಹತ್ತಿರ ಒಬ್ಬರು ಮಾತ್ರ ಒಂದು ದಿನವೂ ಬರಲಿಲ್ಲ. ಅವರು ನಮ್ಮವರು. ನಾನು ಬಂಕಿಗೆ ಸೇರಿದ ಹೊಸತರಲ್ಲಿ ಕುಮಟೆ ಸ್ಟ್ಯಾಂಡಿನ ಸಂಗಾತಿಗಳು, “ಗಣಪತಿಗೆ ಎಂತ ಚಿಂತೆ, ಹೆಂಡ್ತಿ ಗಾಳಿ ಹಾಕಿ ಕಳಸ್ತಾಳೆ” ಎಂದು ಗೇಲಿ ಮಾಡಿದ್ದರಂತೆ. ಅಷ್ಟೇ. ಅಂದಿನಿಂದ ಟೈರು ಚಪ್ಪಟೆಯಾದರೂ ನನ್ನ ಬಂಕಿನ ಎದುರು ಮುಖ ನೆಟ್ಟಗೆ ಮಾಡಿಕೊಂಡು, ಹಾರನ್ನು ಕೂಡ ಹಾಕದೆ ಹೋಗುತ್ತಿದ್ದರು. ಮನೆಯಲ್ಲಿ ನಾನು ಮಾಡಿದ ಸಾರು ಎರಡೆರಡು ಸಲ ಹಾಕಿಸಿಕೊಳ್ಳುವವರಿಗೆ ಗಾಳಿ ಮಾತ್ರ ಬೇರೆಯವರದೇ ಆಗಬೇಕು. ನನಗೆ ಸಿಟ್ಟು ಬರುತ್ತಿತ್ತು, ಹಾಗೆಯೇ ನಗುವೂ ಬರುತ್ತಿತ್ತು.

ಎರಡು ಸಾವಿರದ ಇಸವಿಯ ನಂತರ ಹೊಸ ಹೊಸ ಕಾರುಗಳು ಬಂದು ಅಂಬಾಸಿಡರನ್ನು ಕೇಳುವವರು ಇಲ್ಲವಾದರು. ಕೊನೆಗೆ ಅದನ್ನು ಗುಜರಿಗೆ ಕೊಡಬೇಕಾಯಿತು. ಶರಾವತಿಯ ನಡುಗಡ್ಡೆ ಮಾವಿನಕುರ್ವೆಯಲ್ಲಿ ಹುಟ್ಟಿ ದೋಣಿಯ ಮೇಲೆ ಬೆಳೆದ ಮನುಷ್ಯ, ಜೀವಮಾನವಿಡೀ ಏನನ್ನಾದರೂ ನಡೆಸಿಕೊಂಡೇ ಬಂದವರು. ಮನೆಯ ಜಗಲಿಯ ಮೇಲೆ ಸುಮ್ಮನೆ ಕೂರುವುದಾಯಿತು. ಮೊದಲೆಲ್ಲ ಯಾವಾಗಲೂ ಸಿಳ್ಳೆ ಹಾಕುತ್ತಿದ್ದರು, ಅದು ನಿಂತಿತು. ಆ ಮನೆಯೊಳಗೆ ಸಿಳ್ಳೆ ಇಲ್ಲದ ದಿನಗಳು ನನಗೆ ಬಹಳ ಕಷ್ಟವಾದವು.

ಅಷ್ಟರಲ್ಲಿ ಭಟ್ಕಳದ ಸಾಹೇಬರು ಸಿಕ್ಕಿದರು. ದುಬೈಯಲ್ಲಿ ಅಂಗಡಿ ಇಟ್ಟವರು, ಮಗಳ ಮದುವೆಗೆಂದು ಊರಿಗೆ ಬಂದು ಕೆಲವು ತಿಂಗಳು ನಿಲ್ಲುವವರಿದ್ದರು. ಬರುವಾಗ ತಮ್ಮ ಕಾರನ್ನೂ ಹಡಗಿನಲ್ಲಿ ತಂದಿದ್ದರು. ಬೆಳ್ಳಗೆ ಹಾಲಿನಂಥ ಕಾರು, ಸ್ಟೀರಿಂಗು ಎಡಗಡೆ. ಅದನ್ನು ಓಡಿಸಲು ಊರಿನ ಹುಡುಗರು ಹೆದರಿದರು. ನಮ್ಮವರು, “ದೋಣಿ ನಡೆಸ್ದವ್ನಿಗೆ ಎಡ ಎಂತದು, ಬಲ ಎಂತದು” ಎಂದು ಕೂತೇಬಿಟ್ಟರು. ಸಾಹೇಬರಿಗೆ ಮನುಷ್ಯ ಹಿಡಿಸಿದ. ಮದುಮಗ ನಮ್ಮ ಹೊನ್ನಾವರದವನು. ನಿಕಾಹ್ ದಿನ ಅವನನ್ನು ಭಟ್ಕಳಕ್ಕೆ ಕರೆತರುವ ಕಾರಿಗೆ ಗಣಪತಿಯೇ ಡ್ರೈವರ್ ಎಂದು ನಿಶ್ಚಯವಾಯಿತು. ಕೆಲಸ ಚೆನ್ನಾಗಿ ಮಾಡಿದರೆ ಸಾಹೇಬರು ದುಬೈಗೆ ಹೋದಮೇಲೂ ಮನೆಯ ಗಾಡಿಗೆ ಅವರೇ. ಅಂದು ರಾತ್ರಿ ಊಟಕ್ಕೆ ಕೂಡುವ ಮೊದಲೇ ಸಿಳ್ಳೆ ಶುರುವಾಯಿತು. ನಾನು ಒಲೆಯ ಮುಂದೆ ಕೂತು ಸುಮ್ಮನೆ ಕೇಳಿಸಿಕೊಂಡೆ.

ಒಂದು ವಾರವೂ ಆಗಿರಲಿಲ್ಲ, ಸಿಳ್ಳೆ ಮತ್ತೆ ನಿಂತಿತು.

“ಎಂತ ಆತು?” ಎಂದು ಕೇಳಿದೆ.

“ಕಾರಲ್ಲಿ ಒಂದು ದೀಪ ಹತ್ತದೆ” ಎಂದರು ಸಣ್ಣ ಮುಖ ಮಾಡಿ. “ಹಳದಿ ದೀಪ. ಮಡಕೆ ಚಿತ್ರ, ಅದ್ರೊಳಗೊಂದು ಕಡ್ಡಿ, ಕಡ್ಡಿ ಬುಡಕ್ಕೊಂದು ಚುಕ್ಕಿ.”

“ಗಂಜಿ ಬೆಂತು ಅಂತ ಹೇಳೂದಾಗಿರ್ಬೇಕು” ಎಂದೆ.

ಅವರು ನಗಲಿಲ್ಲ. ಸಾಹೇಬರು ಅವರಿಗೆ ಬಿಡಿಸಿ ಹೇಳಿದ್ದರಂತೆ. ಮಡಕೆಯಲ್ಲ, ಅದು ಟೈರಿನ ಚಿತ್ರ. ಈ ಕಾರಿನ ಚಕ್ರಗಳ ಒಳಗೆ ಒಂದೊಂದು ಪುಟ್ಟ ಯಂತ್ರ ಇದೆ. ಗಾಳಿ ಕಡಿಮೆಯಾದರೆ ಅದು ಎದುರಿನ ದೀಪಕ್ಕೆ ಸುದ್ದಿ ಮುಟ್ಟಿಸುತ್ತದೆ. ಯಾವ ಚಕ್ರ ಎಂಬುದನ್ನು ಮಾತ್ರ ಹೇಳುವುದಿಲ್ಲ. ಚಾಡಿ ಹೇಳುವವರನ್ನು ನಾನು ಬಹಳ ಜನ ಕಂಡಿದ್ದೇನೆ, ಚಾಡಿಯನ್ನೂ ಅರ್ಧಕ್ಕೇ ನಿಲ್ಲಿಸುವವರನ್ನು ಕಂಡದ್ದು ಅದೇ ಮೊದಲು.

“ನಮ್ಮ ಬಂಕಿಗೆ ತನ್ನಿ, ನೋಡ್ತೆ” ಎಂದೆ.

“ಬ್ಯಾಡ. ಭಟ್ಕಳದಲ್ಲೇ ಹಾಕ್ಸಿದ್ದೆ” ಎಂದು ಕವುಚಿ ಮಲಗಿದರು.

ಭಟ್ಕಳದ ಟೈರಂಗಡಿಯಲ್ಲಿ ನಾಲ್ಕೂ ಚಕ್ರಕ್ಕೆ ಗಾಳಿ ಹಾಕಿಸಿದರು, ದೀಪ ಆರಲಿಲ್ಲ. ಇನ್ನಷ್ಟು ಹಾಕಿಸಿದರು. ಕಾರು ಹೊಂಡಕ್ಕೆ ಬಿದ್ದಾಗಲೆಲ್ಲ ಹಿಂದೆ ಕೂತ ಸಾಹೇಬರ ತಲೆ ಮೇಲಿನ ತಗಡಿಗೆ ಬಡಿಯತೊಡಗಿತು, ದೀಪ ಮಾತ್ರ ಆರಲಿಲ್ಲ. ದೃಷ್ಟಿಯಾಗಿದೆ ಎಂದು ಯಾರೋ ಹೇಳಿದ್ದಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಒಬ್ಬ ಮೆಕ್ಯಾನಿಕ್ ದೀಪದ ಮೇಲೆ ಕಪ್ಪು ಟೇಪು ಅಂಟಿಸಿಕೊಟ್ಟ. ಸಾಹೇಬರು ಮರುದಿನವೇ ಅದನ್ನು ಉಗುರಿನಿಂದ ಕಿತ್ತು, “ಜ್ವರ ಬಂದ್ರೆ ಥರ್ಮಾಮೀಟರ್ ಒಡೀತೀಯಾ ಭಾಯಿ?” ಎಂದರಂತೆ. ಆಮೇಲೆ ಖಡಾಖಂಡಿತವಾಗಿ ಹೇಳಿಬಿಟ್ಟರು. ಮದುಮಗ ಕೂರುವ ಕಾರಿನಲ್ಲಿ ಅಪಾಯದ ದೀಪ ಉರಿಯಬಾರದು. ಮದುವೆಯೊಳಗೆ ಅದು ಆರಬೇಕು, ಇಲ್ಲವಾದರೆ ಇಂಥ ಕಾರು ಬಲ್ಲ ಡ್ರೈವರನ್ನು ಮಂಗಳೂರಿನಿಂದ ತರಿಸುತ್ತಾರೆ.

ಅವರ ಮಾತು ತಪ್ಪೆಂದು ನಾನು ಹೇಳಲಾರೆ. ಹೆಣ್ಣು ಹೆತ್ತವರು. ಆದರೆ ನನಗೆ ನಮ್ಮವರ ಮುಖ ನೋಡಲಾಗುತ್ತಿರಲಿಲ್ಲ. ಮತ್ತೆ ಆ ಜಗಲಿ, ಮತ್ತೆ ಆ ಮೌನ. ಬಂಕಿನಲ್ಲಿ ಬಂದ ಹೊಸ ಕಾರಿನವರನ್ನೆಲ್ಲ, “ನಿಮ್ಮದ್ರಲ್ಲಿ ಮಡಕೆ ದೀಪ ಉಂಟಾ? ಹತ್ತಿದ್ರೆ ಹೆಂಗೆ ಆರಸ್ತ್ರಿ?” ಎಂದು ಕೇಳತೊಡಗಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬಾತ, “ಅಕ್ಕಾ, ನಂದ್ರಲ್ಲಿ ಹೆಡ್‌ಲೈಟೇ ಹತ್ತೂದಿಲ್ಲ” ಎಂದ.

ಮದುವೆಗೆ ಎರಡೇ ದಿನ ಇದ್ದಾಗ, ಬೆಳಗಿನ ಹತ್ತರ ಹೊತ್ತಿಗೆ, ಆ ಬಿಳಿ ಕಾರು ನಮ್ಮ ಬಂಕಿನೊಳಗೆ ತಿರುಗಿತು. ಸಾಹೇಬರು ಮದುಮಗನ ಮನೆಗೆ ಹೋಗಿ ಬರುವ ದಾರಿಯಲ್ಲಿ, “ಇದೊಂದು ಜಾಗ ಬಾಕಿ ಉಂಟು, ಇದನ್ನೂ ನೋಡುವ” ಎಂದು ಹಟ ಹಿಡಿದು ತಿರುಗಿಸಿದ್ದರು. ಬಂಕಿನ ಹುಡುಗರೆಲ್ಲ ಪೆಟ್ರೋಲಿನ ಪೈಪು ಹಿಡಿದಲ್ಲೇ ನಿಂತರು. ಒಬ್ಬ ಮೆಲ್ಲಗೆ, “ಬಂದ್ರು ನೋಡು ಗಾಳಿ ಅಕ್ಕನ ಯಜಮಾನ್ರು” ಎಂದ. ನಮ್ಮವರ ಕಿವಿ ಕೆಂಪಗಾಯಿತು. ಕಾರಿನಿಂದ ಇಳಿದವರು ನನ್ನ ಮುಖ ನೋಡಲಿಲ್ಲ, ಕಂಪ್ರೆಸರಿನ ಕಡೆ ನೋಡಿ, “ಗಾಳಿ ನೋಡ್ಬೇಕಂತೆ” ಎಂದರು.

“ಯಾರಿಗಂತೆ?”

“ಸಾಹೇಬ್ರಿಗೆ.”

“ಸಾಹೇಬ್ರಿಗಾದ್ರೆ ದವಾಖಾನೆಗೆ ಕರ್ಕಂಡ್ ಹೋಗಿ. ಕಾರಿಗಾದ್ರೆ ಇಲ್ಲಿ ತನ್ನಿ.”

ಹುಡುಗರು ಹೋ ಎಂದು ನಕ್ಕರು. ಸಾಹೇಬರೂ ಗಡ್ಡದೊಳಗೇ ನಕ್ಕರು. ನಾನು ನಾಲ್ಕೂ ಟೈರಿಗೆ ಗೇಜು ಹಚ್ಚಿದೆ. ಬೇಕಾದ್ದಕ್ಕಿಂತ ಹೆಚ್ಚೇ ಗಾಳಿ ಇತ್ತು. ಹೆಚ್ಚಿದ್ದನ್ನು ತೆಗೆದು ನಾಲ್ಕನ್ನೂ ಒಂದೇ ಸಮ ಮಾಡಿದೆ. ದೀಪ ನನ್ನನ್ನೇ ನೋಡುತ್ತಿತ್ತು. ಮತ್ತೆ ಸ್ವಲ್ಪ ಹಾಕಿದೆ, ಮತ್ತೆ ತೆಗೆದೆ. ಸೋಪಿನ ನೀರು ಬಳಿದು ಎಲ್ಲಾದರೂ ಗುಳ್ಳೆ ಏಳುತ್ತದೋ ಎಂದು ಬಗ್ಗಿ ನೋಡಿದೆ. ಏನೂ ಇಲ್ಲ. ಗಾಳಿಯ ಜತೆ ಗುದ್ದಾಡಿ ಮೈ ನೋಯಿಸಿಕೊಂಡದ್ದೇ ಬಂತು.

ಸಾಹೇಬರು ಉಸಿರು ಬಿಟ್ಟು ಮೊಬೈಲು ತೆಗೆದರು. “ಬೇಜಾರು ಮಾಡ್ಕೋಬೇಡ ಗಣಪತಿ. ಮಂಗಳೂರಿಗೆ ಹೇಳಿಬಿಡ್ತೇನೆ.” ನಮ್ಮವರು ತಲೆ ಅಲ್ಲಾಡಿಸಿದರು.

ಆ ಹೊತ್ತಿಗೆ ಸರಿಯಾಗಿ ಪೈ ಮಾಮ ಒಂದು ದೊಡ್ಡ ಬಾಳೆಗೊನೆ ಹೊರಿಸಿಕೊಂಡು ಬಂದರು. ತಮ್ಮ ಹಿತ್ತಲಿನದು, ಮದುವೆ ಮನೆಗೆ ಉಡುಗೊರೆ. ಸಾಹೇಬರೂ ಮಾಮನೂ ಹಳೆಯ ಪರಿಚಯದವರು. “ಡಿಕ್ಕಿ ತೆಗೀರಿ” ಎಂದರು ಮಾಮ.

ನಮ್ಮವರು ಚಂಗನೆ ಹಾರಿ ಡಿಕ್ಕಿಗೆ ಬೆನ್ನು ಕೊಟ್ಟು ನಿಂತರು. “ಡಿಕ್ಕಿ ಬ್ಯಾಡ ಮಾಮಾ. ಸೀಟಲ್ಲೇ ಇಡುವಾ.”

“ದೇವಾ ರೇ! ಸೀಟಿಗೆ ಬಾಳೆ ಕಲೆ ಬಿದ್ರೆ ಜನ್ಮಕ್ಕೆ ಹೋಗ್ತದಾ?”

“ಹಂಗಾರೆ ನಾನು ತೊಡೆ ಮೇಲೆ ಇಟ್ಕತ್ತೆ.”

“ತೊಡೆ ಮೇಲೆ ಗೊನೆ ಇಟ್ಕಂಡು ಕಾರು ಓಡಸ್ತ್ಯಾ?” ಎಂದು ಮಾಮ ಬಾಯಿ ಬಿಟ್ಟರು.

ಮೂವತ್ತು ವರ್ಷ ಜತೆಗೆ ಬಾಳಿದವಳು ನಾನು. ಈ ಮನುಷ್ಯ ಏನನ್ನೋ ಅಡಗಿಸುವಾಗ ಮೂಗಿನ ತುದಿಯಲ್ಲಿ ಬೆವರು ಬರುತ್ತದೆಂದು ನನಗೆ ಗೊತ್ತು. ಬಂದಿತ್ತು. ನಾನು ಅವರನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ ಡಿಕ್ಕಿ ಎತ್ತಿದೆ. ಗೊನೆಯ ಕಲೆ ಚಾಪೆಗೆ ತಾಗಬಾರದೆಂದು ಚಾಪೆ ಸುತ್ತಿದೆ. ಅದರಡಿಯ ಹಲಗೆಯೂ ಜತೆಗೆ ಮೇಲೆದ್ದಿತು. ಕೆಳಗೆ ಸ್ಟೆಪ್ನಿ. ಸ್ಟೆಪ್ನಿಯ ನಡುವೆ, ನೆಮ್ಮದಿಯಾಗಿ ಸುರುಳಿ ಸುತ್ತಿಕೊಂಡು, ಎರಡು ಹಿತ್ತಾಳೆ ಬಾಯಿಯ ಪೈಪು. ಅದಕ್ಕೆ ನನ್ನ ಕೆಂಪು ಸೀರೆಯ ಅಂಚು.

“ಹ್ಞಾಂ!” ಎಂದರು ಪೈ ಮಾಮ.

“ಇದು ಇಲ್ಲಿಗೆ ಹೆಂಗೆ ಬಂತು?” ಎಂದು ನಾನು ನಮ್ಮವರ ಮುಖದ ಮುಂದೆ ಪೈಪು ಹಿಡಿದೆ. ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಸ್ಟೆಪ್ನಿ ಒತ್ತಿದೆ. ಬೆರಳು ಒಳಗೆ ಹೋಯಿತು.

ಕೊನೆಗೆ ನಮ್ಮವರು ಬಾಯಿಬಿಟ್ಟರು. ಅಂಬಾಸಿಡರ್ ಇದ್ದ ಕಾಲದಲ್ಲೇ ನಾನಿಲ್ಲದಾಗ ಬಂಕಿಗೆ ಬಂದು ‘ಒಂದು ದಿನಕ್ಕೆ’ ಎಂದುಕೊಂಡು ಯಾರಿಗೂ ಹೇಳದೆ ಪೈಪು ಒಯ್ದಿದ್ದರು, ತಿರುಗಿ ಕೊಡಲು ನನ್ನ ಎದುರಿಗೆ ಬರಬೇಕಲ್ಲ ಎಂದು ಇಟ್ಟುಕೊಂಡಿದ್ದರು. ಸಾಹೇಬರ ಕಾರಿನ ದೀಪ ಮೊದಲ ಸಲ ಹತ್ತಿದ್ದು ಒಂದು ಚಳಿಯ ಬೆಳಿಗ್ಗೆ, ಮುಂದಿನ ಟೈರೊಂದು ಚೂರು ಇಳಿದಿದ್ದಕ್ಕೆ. ಬಂಕು ಎದುರಿಗೇ ಇತ್ತು. ಅಲ್ಲಿ ನಾನಿದ್ದೆ. ಅದಕ್ಕೇ ಮುಂದೆ ಹೋಗಿ ರಸ್ತೆ ಬದಿಗೆ ನಿಲ್ಲಿಸಿ ಸ್ಟೆಪ್ನಿಯ ಗಾಳಿ ಟೈರಿಗೆ ಬಿಟ್ಟಿದ್ದರು. ದೀಪ ಆರಲಿಲ್ಲ. ಆಮೇಲೆ ನಾಲ್ಕು ಚಕ್ರಕ್ಕೆ ಎಷ್ಟೋ ಸಲ ಗಾಳಿ ಬಿತ್ತು, ಕೊಟ್ಟು ಖಾಲಿಯಾದ ಸ್ಟೆಪ್ನಿಯನ್ನು ಯಾರೂ ನೆನೆಯಲಿಲ್ಲ.

“ಒಂದು ಟೈರಿಗೆ ಚೂರು ಕೊಟ್ರೆ ಇಷ್ಟು ಖಾಲಿ ಆತದನಾ?” ಎಂದೆ.

ನಮ್ಮವರು ನೆಲ ನೋಡಿದರು. “ಮುರ್ಡೇಶ್ವರದ ಹತ್ರ ಒಂದು ರಿಕ್ಷಾ ಕೂತಿತ್ತು. ಬಾಣಂತಿ ಇತ್ತು ಅದ್ರಲ್ಲಿ. ಕೊಟ್ಟೆ. ಮಂಕಿಯಲ್ಲಿ ಒಬ್ರು ಭಟ್ರ ಸ್ಕೂಟರಿಗೆ ಕೊಟ್ಟೆ. ಮತ್ತೆ… ಐಸ್ ಕ್ಯಾಂಡಿ ಗಾಡಿಗೆ.”

ಸಾಹೇಬರು ಮೊಬೈಲನ್ನು ಮೆಲ್ಲಗೆ ಕೆಳಗಿಳಿಸಿದರು. “ಅಂದ್ರೆ ನಾನು ದುಬೈಯಿಂದ ಹಡಗಲ್ಲಿ ತಂದ ಗಾಳಿ…”

“ಹೌದು ಸಾಹೇಬ್ರೆ.”

“ಐಸ್ ಕ್ಯಾಂಡಿ ಗಾಡಿಗೆ?”

“ಬಿಸಿಲು ಜೋರಿತ್ತು. ಕ್ಯಾಂಡಿ ಕರಗ್ತಿತ್ತು.”

ಸಾಹೇಬರು ಕಾರಿಗೆ ಆತುಕೊಂಡರು. ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಆಮೇಲೆ ಇಡೀ ಸಾಹೇಬರು. “ಯಾ ಅಲ್ಲಾ! ನನ್ನ ದುಬೈ ಗಾಳಿ ಈಗ ಮಂಕಿ ಭಟ್ರ ಸ್ಕೂಟರಲ್ಲಿ ತಿರುಗ್ತಾ ಉಂಟು!” ಎಂದು ಕಣ್ಣೊರೆಸಿಕೊಂಡರು. ಪೈ ಮಾಮ ನಕ್ಕರು. ಜೀವಮಾನದಲ್ಲಿ ಅವರ ಹಲ್ಲು ಹೇಗಿದೆ ಎಂದು ನಾನು ನೋಡಿದ್ದು ಅಂದೇ. ಗೊನೆ ಹೊತ್ತ ಹುಡುಗ ಹೊತ್ತುಕೊಂಡು ನಗಲಾರದೆ ಗೊನೆಯನ್ನು ಕೆಳಗಿಟ್ಟು ನಕ್ಕ.

“ಎದುರಿಗೇ ಬಂಕಿತ್ತಲ್ರೀ. ಒಳಗೆ ಬಂದಿದ್ರೆ ಎಂತ ಆತಿತ್ತು?” ಎಂದು ಕೇಳಿದೆ.

“ಎಲ್ಲ ನಗ್ಯಾಡ್ತ್ರು ಅಂತ” ಎಂದರು ಪಾಪ.

“ಈಗ ನಗ್ತಾ ಇಲ್ವಾ?”

ಅವರು ಸುತ್ತ ನೋಡಿದರು. ಲಾರಿಯವರು, ಬೈಕಿನವರು, ಹುಡುಗರು, ಮಾಮ, ಸಾಹೇಬರು, ಎಲ್ಲರೂ ಹೊಟ್ಟೆ ಹಿಡಿದುಕೊಂಡಿದ್ದರು. ಅವರಿಗೇ ತಡೆಯಲಾಗದೆ ಕೊನೆಗೆ ತಾವೂ ನಕ್ಕುಬಿಟ್ಟರು. ಆ ನಗುವನ್ನು ನಾನು ಎಷ್ಟು ದಿನದಿಂದ ಕಂಡಿರಲಿಲ್ಲವೋ, ನನಗೆ ಅಲ್ಲೇ ಅಳು ಬಂತು. ಸೋಪಿನ ನೀರು ಕಣ್ಣಿಗೆ ಹೋಯಿತೆಂದು ಹೇಳಿ ತಪ್ಪಿಸಿಕೊಂಡೆ.

ಖಾಲಿ ಸ್ಟೆಪ್ನಿ ಇಟ್ಟುಕೊಂಡು ಮದುಮಗನನ್ನು ಕರೆತರುವುದು ಹೇಗೆ ಎಂದು ಅದಕ್ಕೂ ಗಾಳಿ ತುಂಬಿದೆ. ನನ್ನ ಮನಸ್ಸಿನಲ್ಲಿ ಅದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ದೀಪವಂತೂ ಹಾಗೇ ಉರಿಯುತ್ತಿತ್ತು. ಇಷ್ಟು ನಗಿಸಿದವನನ್ನು ಬಿಡುವ ಮನಸ್ಸಿಲ್ಲದಿದ್ದರೂ ಸಾಹೇಬರ ಮೊಬೈಲು ಇನ್ನೂ ಕೈಯಲ್ಲೇ ಇತ್ತು. “ಒಂದು ಸಲ ಸೇತುವೆ ದಾಟಿ ತಿರುಗಿಸ್ಕೊಂಡು ಬರುವ. ಚಕ್ರ ಉರುಳಿದ್ರೆ ಏನಾದ್ರೂ ಆದೀತು.  ಬೆಹನ್, ನೀವೂ ಬನ್ನಿ” ಎಂದರು.

ನಮ್ಮವರು ಎಡಗಡೆ ಸ್ಟೀರಿಂಗಿನ ಹಿಂದೆ ಕೂತರು. ನಾನು ಮುಂದಿನ ಬಲಗಡೆ ಸೀಟಿನಲ್ಲಿ ಕೂತೆ. ನಮ್ಮ ಊರಿನ ಗಾಡಿಗಳಲ್ಲಿ ಅದು ಡ್ರೈವರ್ ಕೂರುವ ಜಾಗ. ಶರಾವತಿ ಸೇತುವೆಯ ಮೇಲೆ ಎದುರಿನಿಂದ ಬಂದ ಟೆಂಪೋದವನು ಕಂಡದ್ದು ಏನು? ನೀಲಿ ಅಂಗಿ ತೊಟ್ಟ ಗಾಳಿ ಮಾದೇವಿ ಸ್ಟೀರಿಂಗೇ ಇಲ್ಲದೆ, ಕೈಕಟ್ಟಿಕೊಂಡು ದುಬೈ ಕಾರು ಓಡಿಸಿಕೊಂಡು ಬರುತ್ತಿದ್ದಾಳೆ! ಅವನು ಗಕ್ಕನೆ ಬ್ರೇಕು ಹಾಕಿದ. ನಾನು ಎರಡೂ ಕೈ ಎತ್ತಿ ಬೀಸಿದೆ. ಅವನು ಹಣೆ ಮುಟ್ಟಿಕೊಂಡು ದೇವರನ್ನು ಕರೆದದ್ದು ಗಾಜಿನಾಚೆಗೂ ಕಂಡಿತು. ಹಿಂದೆ ಸಾಹೇಬರು, “ಇನ್ನೊಮ್ಮೆ ಬೀಸಿ, ಇನ್ನೊಬ್ಬ ಬರ್ತಿದ್ದಾನೆ” ಎಂದು ಚಿಕ್ಕ ಮಕ್ಕಳ ಹಾಗೆ ಹೇಳಿಕೊಡುತ್ತಿದ್ದರು.

ಸೇತುವೆಯ ನಡುವೆ ಬಂದಾಗ ದೀಪ ಆರಿತು.

ನಾನು ಬಗ್ಗಿ ನೋಡಿದೆ. ಮಡಕೆಯೂ ಇಲ್ಲ, ಕಡ್ಡಿಯೂ ಇಲ್ಲ. “ಹೋತು!” ಎಂದು ನಾನು ಕೂಗಿದ್ದಕ್ಕೆ ಕೆಳಗೆ ದೋಣಿಯಲ್ಲಿದ್ದವರು ತಲೆಯೆತ್ತಿ ನೋಡಿದರಂತೆ. “ಅಲ್‌ಹಮ್ದುಲಿಲ್ಲಾ!” ಎಂದು ಸಾಹೇಬರು ನಮ್ಮವರ ಬೆನ್ನಿಗೆ ಗುದ್ದಿದರು. ನಮ್ಮವರು ಸಿಳ್ಳೆ ಹಾಕಿದರು. ಬಂಕು ಮುಟ್ಟುವ ತನಕ ಹಾಕಿದರು.

ಅಂದು ಸಂಜೆ ಸಾಹೇಬರು ದುಬೈಗೆ ಫೋನು ಮಾಡಿ ವಿಚಾರಿಸಿದಾಗ ತಿಳಿಯಿತು. ಆ ಕಾರಿನ ನಾಲ್ಕು ಚಕ್ರದಲ್ಲಷ್ಟೇ ಅಲ್ಲ, ಸ್ಟೆಪ್ನಿಯೊಳಗೂ ಅಂಥದೇ ಒಂದು ಯಂತ್ರ ಇತ್ತು. ಡಿಕ್ಕಿಯ ಕತ್ತಲೆಯಲ್ಲಿ ಮಲಗಿದ್ದ ಐದನೆಯ ಟೈರು ನನಗೆ ಗಾಳಿಯಿಲ್ಲ, ನನಗೆ ಗಾಳಿಯಿಲ್ಲ ಎಂದು ದಿನವೂ ಹೇಳುತ್ತಿತ್ತು, ನಾವೆಲ್ಲ ಸೇರಿ ಉಳಿದ ನಾಲ್ಕಕ್ಕೆ ಬಡಿಸುತ್ತಿದ್ದೆವು. ನಿಮ್ಮ ಕಾಲದ ಕಾರುಗಳು ಯಾವ ಚಕ್ರದಲ್ಲಿ ಎಷ್ಟು ಗಾಳಿ ಎಂದು ಗಾಜಿನ ಮೇಲೆ ಬರೆದೇ ತೋರಿಸುತ್ತವೆ. ತೋರಿಸಲಿ. ಆದರೂ ಡಿಕ್ಕಿ ಎತ್ತಿ ನೋಡಿ. ಪೈ ಮಾಮನ ಮೂರನೆಯ ನೇಮಕ್ಕೆ ಇನ್ನೂ ವಯಸ್ಸಾಗಿಲ್ಲ.

ಮದುವೆಯ ದಿನ ಮಧ್ಯಾಹ್ನ ನಾನು ಕೆಲಸದಲ್ಲೇ ಇದ್ದೆ. ಮದುಮಗನ ದಿಬ್ಬಣ ಹೊನ್ನಾವರದಿಂದ ಹೊರಟು ನಮ್ಮ ಬಂಕಿನ ಎದುರಿಗೇ ಹೋಗಬೇಕು. ದೂರದಿಂದಲೇ ಕಂಡಿತು. ಮುಂದೆ ಬಿಳಿ ಕಾರು, ಮೈತುಂಬ ಭಟ್ಕಳ ಮಲ್ಲಿಗೆಯ ಮಾಲೆ, ಹಿಂದೆ ಹತ್ತಾರು ಗಾಡಿಗಳ ಸಾಲು. ನಮ್ಮವರು ಬಿಳಿ ಅಂಗಿ, ಬಿಳಿ ಟೋಪಿ. ಹೋಗುವಾಗ ಒಂದು ಹಾರನ್ನಾದರೂ ಹಾಕಿಯಾರು ಎಂದು ರಸ್ತೆ ಬದಿಗೆ ಬಂದು ನಿಂತೆ.

ಹಾರನ್ನು ಹಾಕಲಿಲ್ಲ. ಬಲಕ್ಕೆ ಇಂಡಿಕೇಟರ್ ಹಾಕಿ ಕಾರನ್ನು ಸೀದಾ ಬಂಕಿನೊಳಗೆ ತಿರುಗಿಸಿದರು. ಹಿಂದಿನ ಗಾಡಿಗಳೆಲ್ಲ ಅದೇ ದಾರಿ ಎಂದುಕೊಂಡು ಒಂದರ ಹಿಂದೊಂದು ಒಳಗೆ ನುಗ್ಗಿದವು. ಪೈ ಮಾಮ ಗಲ್ಲಾ ಬಿಟ್ಟು ಓಡಿಬಂದರು. ನಮ್ಮವರು ಇಳಿದು, ಟೋಪಿ ಸರಿಮಾಡಿಕೊಂಡು, ಇಡೀ ದಿಬ್ಬಣಕ್ಕೆ, ಬಂಕಿಗೆ, ರಸ್ತೆಯಲ್ಲಿ ನಿಂತ ಬಸ್ಸಿಗೂ ಕೇಳುವ ಹಾಗೆ ಕೂಗಿದರು.

“ಏ ಮಾದೇವಿ! ಗಾಳಿ ನೋಡೇ ಮಾರಾಯ್ತಿ. ಐದಕ್ಕೂ!”

ಐದಕ್ಕೂ ಎಂದರೆ ಡಿಕ್ಕಿ ತೆಗೆಯಬೇಕು. ಡಿಕ್ಕಿಯಲ್ಲಿ ಮದುಮಗಳಿಗೆಂದು ಒಯ್ಯುತ್ತಿದ್ದ ಪೆಟ್ಟಿಗೆಗಳು, ಮಿಠಾಯಿ ಡಬ್ಬಿಗಳು, ಮಲ್ಲಿಗೆಯ ಬುಟ್ಟಿ. ಬಂಕಿನ ಹುಡುಗರು ಒಂದೊಂದನ್ನೇ ಇಳಿಸಿ ಕಂಪ್ರೆಸರಿನ ಸುತ್ತ ಸಾಲಾಗಿಟ್ಟರು. ಮದುಮಗ ಮುಖದ ಮೇಲಿನ ಹೂವಿನ ತೆರೆ ಸರಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಎಂತ ಆಯ್ತು?” ಎಂದ. ಅವನ ಸೋದರತ್ತೆ ಹಿಂದಿನ ಗಾಡಿಯಿಂದ, ಹೊತ್ತು ಮೀರುತ್ತದೆಂದು ಕೂಗಿದರು. ನಮ್ಮವರ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. “ಹೌದು ಸಾಹೇಬ್ರೆ, ಹೊನ್ನಾವರದಲ್ಲೇ ಇದ್ದೆ. ಗಾಳಿ ಹಾಕಸ್ತಾ ಇದ್ದೆ. ಹ್ಞಾಂ, ನನ್ನ ಹೆಂಡ್ತಿ ಹತ್ರನೇ” ಎಂದರು. ಆ ಕಡೆಯಿಂದ ಸಾಹೇಬರು ನಗುವುದು ನನಗೂ ಕೇಳಿಸಿತು.

ನಾನು ನಾಲ್ಕಕ್ಕೆ ಗೇಜು ಹಚ್ಚಿದೆ. ಐದನೆಯದಕ್ಕೂ ಹಚ್ಚಿದೆ. ಎಲ್ಲ ಸರಿಯಾಗಿತ್ತು, ಒಂದು ಪಾಯಿಂಟೂ ಇಳಿದಿರಲಿಲ್ಲ. ಮುಚ್ಚಳ ಬಿಗಿ ಮಾಡುತ್ತಾ ಅವರಿಗಷ್ಟೇ ಕೇಳುವ ಹಾಗೆ ಕೇಳಿದೆ.

“ದೀಪ ಮತ್ತೆ ಹತ್ತಿತ್ತನ್ರೀ?”

“ಇಲ್ಲ” ಎಂದರು. ಮೂಗಿನ ತುದಿಯಲ್ಲಿ ಬೆವರು ಇರಲಿಲ್ಲ. “ಹತ್ತಿದ್ರೆ ಮಾತ್ರ ಬರೂದನೇ?”